ಊರಿನ ಎರಡು ಖಾತೆಗಳು

ನಗರಸಭೆಯ ಆಯವ್ಯಯ ಪತ್ರವನ್ನು ಆಸಕ್ತಿಯಿಂದ ಓದುವವರು ಬಹಳ ಮಂದಿ ಇರಲಾರರು. ವರ್ಷಕ್ಕೊಮ್ಮೆ ಪತ್ರಿಕೆಯ ಮೂಲೆಯಲ್ಲಿ ಇಷ್ಟು ಆದಾಯ, ಇಷ್ಟು ವೆಚ್ಚ, ಇಷ್ಟು ಉಳಿತಾಯ ಎಂದು ಅಚ್ಚಾಗುತ್ತದೆ. ನಾವು ಅದನ್ನು ದಾಟಿ ಸಾಹಿತ್ಯದ ಪುಟಕ್ಕೆ ಹೋಗಿಬಿಡುತ್ತೇವೆ. ನಾನೂ ಹಾಗೆಯೇ ಮಾಡುತ್ತಿದ್ದವನು. ಒಂದು ಸಣ್ಣ ಪುರಸಭೆಯ ಲೆಕ್ಕಪತ್ರ ಶಾಖೆಯಲ್ಲಿ ಕೆಲವು ವರ್ಷ ಕುಳಿತು ಕೆಲಸ ಮಾಡಿದ ಮೇಲೆಯೇ, ಆ ಒಣ ಅಂಕಿಗಳಲ್ಲಿ ಒಂದು ಊರಿನ ಸ್ವಭಾವವೆಲ್ಲ ಅಡಗಿರುತ್ತದೆಂಬುದು ನನಗೆ ತಿಳಿದದ್ದು.

ಯಾವ ಊರಿಗಾದರೂ ಎರಡು ಖಾತೆಗಳಿರುತ್ತವೆ. ಒಂದು ರಾಜಸ್ವ ಖಾತೆ, ಇನ್ನೊಂದು ಬಂಡವಾಳ ಖಾತೆ. ಹೆಸರು ಕೇಳಿ ಹೆದರಬೇಕಾದುದಿಲ್ಲ. ನಮ್ಮ ಮನೆಗಳಲ್ಲಿಯೂ ಇವು ಇವೆ. ಅಕ್ಕಿ, ಹಾಲು, ಮಕ್ಕಳ ಫೀಜು, ದೀಪದ ಬಿಲ್ಲು ಇವು ತಿಂಗಳ ಸಂಬಳದಲ್ಲಿಯೇ ತೀರಬೇಕು. ಮನೆ ಕಟ್ಟಿಸುವುದಾದರೆ ಸಾಲ ಮಾಡುತ್ತೇವೆ. ಅದು ತಪ್ಪೆಂದು ಯಾರೂ ಹೇಳುವುದಿಲ್ಲ. ಆ ಮನೆಯಲ್ಲಿ ಮೂವತ್ತು ವರ್ಷ ಬಾಳುವವರು ಇಪ್ಪತ್ತು ವರ್ಷ ಕಂತು ಕಟ್ಟುವುದು ನ್ಯಾಯವೇ. ಆದರೆ ಅಕ್ಕಿಗೂ ಹಾಲಿಗೂ ಪ್ರತಿ ತಿಂಗಳು ಸಾಲ ತರುವ ಯಜಮಾನನನ್ನು ನೆರೆಹೊರೆಯವರು ಏನೆಂದಾರು?

ಊರಿನ ಮಾತೂ ಇಷ್ಟೇ. ಪೌರಕಾರ್ಮಿಕರ ಸಂಬಳ, ಬೀದಿ ದೀಪದ ವಿದ್ಯುತ್ತು, ನೀರು ಶುದ್ಧಿಗೆ ಕ್ಲೋರಿನ್, ಚರಂಡಿಯ ಹೂಳೆತ್ತುವುದು, ಇವೆಲ್ಲ ವರ್ಷದ ಆದಾಯದಿಂದ, ಎಂದರೆ ಆಸ್ತಿ ತೆರಿಗೆ, ನೀರಿನ ಕಂದಾಯ, ಪರವಾನಗಿ ಶುಲ್ಕ, ಸರಕಾರದ ಅನುದಾನ ಇವುಗಳಿಂದ ನಡೆಯಬೇಕು. ಜಲಾಶಯ, ಸೇತುವೆ, ಮಾರುಕಟ್ಟೆಯ ಕಟ್ಟಡ ಇವು ಬಂಡವಾಳ. ಇಂದು ಹುಟ್ಟಿದ ಕೂಸೂ ಮುಂದೆ ಅದರ ನೀರು ಕುಡಿಯುವುದರಿಂದ, ಅದರ ವೆಚ್ಚದಲ್ಲಿ ಒಂದು ಪಾಲನ್ನು ಆ ಕೂಸು ಬೆಳೆದು ತೆರಿಗೆದಾರನಾದಾಗ ಹೊರುವುದು ಅನ್ಯಾಯವಲ್ಲ.

ಕಷ್ಟವಿರುವುದು ಗೆರೆ ಎಳೆಯುವುದರಲ್ಲಿ. ರಸ್ತೆಯ ಗುಂಡಿ ಮುಚ್ಚುವುದು ನಿರ್ವಹಣೆ. ರಸ್ತೆಯನ್ನೇ ಹೊಸದಾಗಿ ಹಾಕುವುದು ಬಂಡವಾಳ. ಅವೆರಡರ ನಡುವೆ ಜಾರುವ ಜಾಗ ಎಷ್ಟಿದೆಯೆಂಬುದನ್ನು ಲೆಕ್ಕ ಬರೆದವರೇ ಬಲ್ಲರು. ಆ ಇಳಿಜಾರಿನಲ್ಲಿ ಜಗತ್ತಿನ ಅತ್ಯಂತ ಸಿರಿವಂತ ನಗರಗಳಲ್ಲೊಂದು ಜಾರಿಬಿದ್ದ ಕತೆಯನ್ನು ಇಲ್ಲಿ ಸ್ವಲ್ಪ ವಿಸ್ತಾರವಾಗಿ ಹೇಳಬೇಕು.

ನ್ಯೂಯಾರ್ಕ್ ನಗರದಲ್ಲಿ ಈ ಎರಡು ಖಾತೆಗಳನ್ನು ಎರಡು ಪ್ರತ್ಯೇಕ ಆಯವ್ಯಯಗಳಾಗಿಯೇ ಮಂಡಿಸುತ್ತಾರೆ. ನಮ್ಮ ಆರ್ಥಿಕ ವರ್ಷ ಏಪ್ರಿಲ್ 1ಕ್ಕೆ ಮೊದಲಾದರೆ ಅವರದು ಜುಲೈ 1ಕ್ಕೆ. 1960ರ ದಶಕದಲ್ಲಿ ಅಲ್ಲಿಯ ಕಾರ್ಖಾನೆಗಳೂ ಮಧ್ಯಮ ವರ್ಗದ ಕುಟುಂಬಗಳೂ ನಗರ ಬಿಟ್ಟು ಹೊರವಲಯಕ್ಕೆ ಹೋಗತೊಡಗಿದವು. ತೆರಿಗೆಯ ಬುಡ ಸಣ್ಣದಾಯಿತು. ಸಂಬಳ, ಪಿಂಚಣಿ, ಬಡವರ ನೆರವು, ಆಸ್ಪತ್ರೆ ಇವುಗಳ ವೆಚ್ಚ ಮಾತ್ರ ಏರುತ್ತಲೇ ಹೋಯಿತು. ವೆಚ್ಚದ ಆಯವ್ಯಯ ಸರಿದೂಗಲೇಬೇಕೆಂದು ಕಾನೂನು. ಆಗ ಹೊಳೆದ ಉಪಾಯ ಬಹಳ ಸರಳವಾದದ್ದು: ದಿನನಿತ್ಯದ ವೆಚ್ಚಗಳಲ್ಲಿ ಕೆಲವನ್ನು ಎತ್ತಿ ಬಂಡವಾಳದ ಪುಸ್ತಕದಲ್ಲಿ ಬರೆದುಬಿಡುವುದು! ರಾಜ್ಯದ ಶಾಸನಸಭೆಯೂ ಇದಕ್ಕೆ ಕಾನೂನಿನ ಬಾಗಿಲು ತೆರೆಯಿತು. ವೃತ್ತಿಶಿಕ್ಷಣದಂಥ ಬಾಬುಗಳು ಹೀಗೆ ಸಾಲದ ಹಣದಿಂದ ನಡೆಯತೊಡಗಿದವು. ಕಲಿತ ವಿದ್ಯೆಯೂ ಬಹುಕಾಲ ಬಾಳುವ ಆಸ್ತಿಯೇ ಎಂದು ಬೇಕಾದರೆ ಸಮಾಧಾನ ಹೇಳಿಕೊಳ್ಳಬಹುದು. ಆದರೆ ಬೋಧಕರಿಗೆ ಮುಂದಿನ ತಿಂಗಳೂ ಸಂಬಳ ಕೊಡಬೇಕಷ್ಟೆ. 1975ರ ಹೊತ್ತಿಗೆ ಹೀಗೆ ವರ್ಷಕ್ಕೆ ಸುಮಾರು 70 ಕೋಟಿ ಡಾಲರ್ ವೆಚ್ಚ ಬಂಡವಾಳದ ಪುಸ್ತಕದಲ್ಲಿ ಅಡಗಿ ಕುಳಿತಿತ್ತು.

ಇದಲ್ಲದೆ ಬರಬೇಕಾದ ತೆರಿಗೆಯನ್ನು ಬಂದೇ ಬಿಟ್ಟಿತೆಂದು ಬರೆದುಕೊಂಡು ಅದರ ಆಧಾರದ ಮೇಲೆ ಅಲ್ಪಾವಧಿಯ ಸಾಲ ಎತ್ತುವುದು ವಾಡಿಕೆಯಾಯಿತು. ಅದರಲ್ಲಿ ಎಷ್ಟೋ ತೆರಿಗೆ ಎಂದೂ ಬರುವಂಥದಾಗಿರಲಿಲ್ಲ. ಹಳೆಯ ಸಾಲ ತೀರಿಸಲು ಹೊಸ ಸಾಲ, ಅದರ ಬಡ್ಡಿಗೆ ಮತ್ತೊಂದು. 1974ರಲ್ಲಿ ಮೇಯರ್ ಆಗಿ ಬಂದ ಏಬ್ರಹಾಂ ಬೀಮ್ ಲೆಕ್ಕಶಾಸ್ತ್ರ ಓದಿದವರು, ಅದಕ್ಕೆ ಮೊದಲು ನಗರದ ಲೆಕ್ಕಪತ್ರಗಳ ಮುಖ್ಯಾಧಿಕಾರಿಯಾಗಿದ್ದವರು. ಲೆಕ್ಕ ಬಲ್ಲವರಿಗೆ ಲೆಕ್ಕದ ಸುಳ್ಳು ಕಾಣಿಸಲಿಲ್ಲವೆಂದು ನನಗೆ ಅನ್ನಿಸುವುದಿಲ್ಲ. ಕಂಡದ್ದನ್ನು ಹೇಳುವ ವರ್ಷ ಇದಲ್ಲ ಎಂದು ಎಲ್ಲರೂ ಪ್ರತಿ ವರ್ಷವೂ ಅಂದುಕೊಂಡಿರಬೇಕು.

1975ರ ವಸಂತದಲ್ಲಿ ಬ್ಯಾಂಕುಗಳು ಇನ್ನು ಸಾಲಪತ್ರಗಳನ್ನು ಮಾರಿಸಿಕೊಡಲಾರೆವೆಂದು ಕೈಯೆತ್ತಿದವು. ಜೂನ್‌ನಲ್ಲಿ ನಗರದ ಪರವಾಗಿ ಸಾಲ ಎತ್ತಲು ರಾಜ್ಯವೇ ಒಂದು ನಿಗಮವನ್ನು ಸ್ಥಾಪಿಸಿತು. ಸೆಪ್ಟೆಂಬರಿನಲ್ಲಿ ನಗರದ ಹಣಕಾಸು ಒಂದು ನಿಯಂತ್ರಣ ಮಂಡಳಿಯ ಕೈಗೆ ಹೋಯಿತು. ಅಕ್ಟೋಬರ್ 17ರಂದು ತೀರಿಸಬೇಕಾಗಿದ್ದ ಸಾಲಕ್ಕೆ ಹಣವಿಲ್ಲದೆ, ನಗರ ದಿವಾಳಿಯಾಯಿತೆಂಬ ಹೇಳಿಕೆಯನ್ನೇ ಬರೆದಿಟ್ಟುಕೊಂಡಿದ್ದರು. ಕೊನೆಯ ಗಳಿಗೆಯಲ್ಲಿ ಶಾಲಾ ಉಪಾಧ್ಯಾಯರ ಪಿಂಚಣಿ ನಿಧಿ 15 ಕೋಟಿ ಡಾಲರಿನ ಸಾಲಪತ್ರ ಕೊಳ್ಳಲು ಒಪ್ಪಿದ್ದರಿಂದ ಆ ದಿನ ಕಳೆಯಿತು. ಮೇಷ್ಟರುಗಳ ಮುಪ್ಪಿನ ಗಂಟಿನಿಂದ ಒಂದು ಮಹಾನಗರದ ಮಾನ ಉಳಿಯಿತೆಂಬುದನ್ನು, ಉಪಾಧ್ಯಾಯರ ಮಗನಾದ ನಾನು, ಓದಿದಾಗಲೆಲ್ಲ ನಿಂತು ಯೋಚಿಸುತ್ತೇನೆ. ಅಕ್ಟೋಬರ್ 29ರಂದು ನೆರವು ನಿರಾಕರಿಸಿ ಮಾತನಾಡಿದ್ದ ಅಧ್ಯಕ್ಷ ಫೋರ್ಡ್ ಅವರೂ ವರ್ಷದ ಕೊನೆಯೊಳಗೆ ಮನಸ್ಸು ಬದಲಿಸಿ, ವರ್ಷಕ್ಕೆ 230 ಕೋಟಿ ಡಾಲರಿನವರೆಗೆ ಕೈಸಾಲ ಕೊಡಲು ಒಪ್ಪಿದರು. ನಗರ ಅದನ್ನು ಬಡ್ಡಿಸಹಿತ ಹಿಂದಿರುಗಿಸಿತು.

ಆದರೆ ದಂಡ ತೆತ್ತವರು ಯಾರು? ಸುರಂಗ ರೈಲಿನ ದರ 35 ಸೆಂಟಿನಿಂದ 50 ಸೆಂಟಿಗೆ ಏರಿತು. 1847ರಿಂದ ಉಚಿತವಾಗಿದ್ದ ನಗರದ ಕಾಲೇಜು ಶಿಕ್ಷಣಕ್ಕೆ 1976ರಿಂದ ಶುಲ್ಕ ಬಂತು. ಸಾವಿರಾರು ನೌಕರರು ಕೆಲಸ ಕಳೆದುಕೊಂಡರು. ಬಂಡವಾಳದ ಪುಸ್ತಕವನ್ನು ದಿನಖರ್ಚು ತಿಂದುಹಾಕಿದ್ದರಿಂದ ನಿಜವಾದ ಬಂಡವಾಳದ ಕೆಲಸಗಳು ನಿಂತುಹೋದವು. 1972ರಲ್ಲಿ ಗುದ್ದಲಿ ಪೂಜೆಯಾದ ಎರಡನೆಯ ಅವೆನ್ಯೂದ ಸುರಂಗ ರೈಲಿನ ಕೆಲಸ 1975ರಲ್ಲಿ ನಿಂತು, ಮೊದಲ ಭಾಗದಲ್ಲಿ ರೈಲು ಓಡಿದ್ದು 2017ರ ಜನವರಿ 1ರಂದು. 1903ರಲ್ಲಿ ಕಟ್ಟಿದ ವಿಲಿಯಮ್ಸ್‌ಬರ್ಗ್ ಸೇತುವೆಯ ಉಕ್ಕು ಎಷ್ಟು ತುಕ್ಕು ತಿಂದಿತ್ತೆಂದರೆ 1988ರ ಏಪ್ರಿಲಿನಲ್ಲಿ ಅದನ್ನು ಮುಚ್ಚಬೇಕಾಯಿತು. ಇದಕ್ಕೆಲ್ಲ ಮುನ್ಸೂಚನೆಯೂ ದೊರೆತಿತ್ತು. 1973ರ ಡಿಸೆಂಬರಿನಲ್ಲಿ ನಗರದ ಪಶ್ಚಿಮ ದಂಡೆಯ ಎತ್ತರಿಸಿದ ಹೆದ್ದಾರಿಯ ಒಂದು ಭಾಗ ಲಾರಿಯ ಭಾರಕ್ಕೆ ಕುಸಿದು ಬಿತ್ತು. ಆ ಲಾರಿಯಲ್ಲಿದ್ದದ್ದು ಅದೇ ಹೆದ್ದಾರಿಯ ರಿಪೇರಿಗೆಂದು ಒಯ್ಯುತ್ತಿದ್ದ ಡಾಂಬರು.

ಆ ನಗರ ಪಾಠ ಕಲಿಯಿತು. 1981ರಲ್ಲಿ ಸರಿಯಾದ ಲೆಕ್ಕಪದ್ಧತಿಯ ಪ್ರಕಾರವೇ ಆಯವ್ಯಯವನ್ನು ಸರಿದೂಗಿಸಿ ತೋರಿಸಿತು. ಹತ್ತು ವರ್ಷದ ಬಂಡವಾಳ ಯೋಜನೆಯನ್ನು ಮುಂಚಿತವಾಗಿಯೇ ಪ್ರಕಟಿಸುವ ಪದ್ಧತಿ ಈಗ ಅಲ್ಲಿದೆ.

ನಮ್ಮ ದೇಶದಲ್ಲಿ ನಗರಗಳು ನೇರವಾಗಿ ಪೇಟೆಯಲ್ಲಿ ಸಾಲ ಎತ್ತುವುದು ತಡವಾಗಿ ಬಂದ ಅಭ್ಯಾಸ. 1997ರಲ್ಲಿ ಬೆಂಗಳೂರು ಮಹಾನಗರಪಾಲಿಕೆ ರಾಜ್ಯ ಸರಕಾರದ ಖಾತರಿಯೊಡನೆ 125 ಕೋಟಿ ರೂಪಾಯಿ ಎತ್ತಿತು. 1998ರಲ್ಲಿ ಅಹಮದಾಬಾದು ಅಂಥ ಖಾತರಿಯಿಲ್ಲದೆಯೇ ನೀರು, ಒಳಚರಂಡಿಗಳಿಗಾಗಿ 100 ಕೋಟಿ ಎತ್ತಿತು. ಎರಡನೆಯದು ನನಗೆ ಹೆಚ್ಚು ಮೆಚ್ಚಿಗೆ. ಏಕೆಂದರೆ ಅದಕ್ಕೆ ಮೊದಲು ಆ ನಗರ ತನ್ನ ತೆರಿಗೆ ವಸೂಲಿಯನ್ನು ಬಿಗಿಗೊಳಿಸಿ, ಕೊರತೆಯ ರಾಜಸ್ವ ಖಾತೆಯನ್ನು ಉಳಿತಾಯಕ್ಕೆ ತಂದುಕೊಂಡಿತ್ತು. ರಾಜಸ್ವದಲ್ಲಿ ಉಳಿತಾಯವಿಲ್ಲದವನಿಗೆ ಕಂತು ಕಟ್ಟಲು ಹಣ ಎಲ್ಲಿಂದ ಬರಬೇಕು?

ಬಂಡವಾಳದ ಕೆಲಸವೆಂಬುದು ಶಂಕುಸ್ಥಾಪನೆಯಿಂದ ಉದ್ಘಾಟನೆಯವರೆಗಿನದು ಮಾತ್ರವಲ್ಲ. ಉದ್ಘಾಟನೆಯ ಮರುದಿನದಿಂದ ಅದು ರಾಜಸ್ವ ಖಾತೆಯ ಮೇಲೆ ಕುಳಿತುಕೊಳ್ಳುತ್ತದೆ. ನಮ್ಮ ಪುರಸಭೆಗೆ ಒಮ್ಮೆ ಅನುದಾನ ಬಂದು, ಹೊಸ ಬಡಾವಣೆಯಲ್ಲಿ ಓವರ್‌ಹೆಡ್ ಟ್ಯಾಂಕು ಎದ್ದಿತು. ಕಟ್ಟಲು ಹಣ ಬಂತು. ಪಂಪಿನ ವಿದ್ಯುತ್ತಿಗೆ, ಇಬ್ಬರು ನೀರಗಂಟಿಗಳ ಸಂಬಳಕ್ಕೆ ಯಾರೂ ಹಣ ಕೊಡಲಿಲ್ಲ. ಆ ವರ್ಷದ ಕರಡು ಆಯವ್ಯಯದಲ್ಲಿ ಕೊರತೆ ಬಿದ್ದಿತ್ತು. ಕೊರತೆಯ ಪತ್ರವನ್ನು ಸಭೆಗೆ ಒಯ್ಯುವ ಹಾಗಿಲ್ಲ. ಮೇಲಿನವರು ಹೇಳಿದರು, ನಾನು ‘ದುರಸ್ತಿ ಮತ್ತು ನಿರ್ವಹಣೆ’ ಎಂಬ ಬಾಬಿನ ಮುಂದಿದ್ದ ಅಂಕಿಯನ್ನು ಪೆನ್ಸಿಲಿನಿಂದ ಹೊಡೆದು ಅರ್ಧ ಮಾಡಿದೆ. ಆ ಬಾಬಿಗೆ ಸಂಘವಿಲ್ಲ, ಮುಷ್ಕರವಿಲ್ಲ. ಸಭೆಯಲ್ಲಿ ಅದರ ಪರವಾಗಿ ಎದ್ದು ನಿಲ್ಲುವ ಸದಸ್ಯನೂ ಇಲ್ಲ. ಪತ್ರ ಸರಿದೂಗಿತು, ಉಳಿತಾಯವನ್ನೇ ತೋರಿಸಿತು, ಅವಿರೋಧವಾಗಿ ಅಂಗೀಕಾರವೂ ಆಯಿತು.

ಎರಡನೆಯ ಬೇಸಿಗೆಯಲ್ಲಿ ಪಂಪು ಸುಟ್ಟುಹೋಯಿತು. ಅದನ್ನು ಬದಲಿಸಲು ಮತ್ತೆ ಅನುದಾನಕ್ಕೆ ಬರೆದೆವು. ಆ ಪತ್ರದ ಕರಡನ್ನು ಸಿದ್ಧಪಡಿಸಿದವನೂ ನಾನೇ. ಉತ್ತರ ಬರುವವರೆಗೆ, ಸುಮಾರು ಏಳು ತಿಂಗಳು, ಆ ಬಡಾವಣೆಯ ಹೆಂಗಸರು ಬರಿದಾದ ಟ್ಯಾಂಕಿನ ನೆರಳಿನಲ್ಲಿ ಕೊಡಗಳನ್ನು ಸಾಲಾಗಿಟ್ಟು ಪುರಸಭೆಯ ನೀರಿನ ಲಾರಿಗೆ ಕಾಯುತ್ತಿದ್ದರು. ಕಚೇರಿಗೆ ಹೋಗುವ ನನ್ನ ದಾರಿ ಅದೇ ಆಗಿತ್ತು.