ದೇವರಾಯನದುರ್ಗದ ನಡಿಗೆ ಮತ್ತು ಒಂದು ಉಷ್ಣತಾಮಾಪಕ

ಬೋಧನಾಭ್ಯಾಸದ ಅವಧಿಯಲ್ಲಿ, ನವೆಂಬರ್ ತಿಂಗಳ ಒಂದು ಶನಿವಾರ, ಒಂಬತ್ತನೇ ತರಗತಿಯ 34 ಮಕ್ಕಳನ್ನು ದೇವರಾಯನದುರ್ಗಕ್ಕೆ ಕರೆದುಕೊಂಡು ಹೋಗಿದ್ದೆ. ತುಮಕೂರಿನಿಂದ ಸುಮಾರು 15 ಕಿಲೋಮೀಟರ್. ಹೊರಸಂಚಾರಕ್ಕೆ ನಮ್ಮಲ್ಲಿ ಅನೇಕರು ಆರಿಸಿಕೊಳ್ಳುವುದು ಇದೇ ಬೆಟ್ಟವನ್ನು. ಮರಳಿ ಬಂದು ದಾಖಲೆ ಪುಸ್ತಕದಲ್ಲಿ ‘ಮಕ್ಕಳು ಪ್ರಕೃತಿ ಸೌಂದರ್ಯವನ್ನು ಸವಿದರು’ ಎಂದು ಬರೆದು ಮುಗಿಸುತ್ತೇವೆ. ಬೆಟ್ಟ ಹತ್ತುವಾಗ ಏನೇನು ಕಲಿಸಬಹುದು, ನಾನು ಎಲ್ಲಿ ಎಡವಿದೆ ಎಂಬುದನ್ನು ಇಲ್ಲಿ ವಿವರಿಸಿದ್ದೇನೆ.

ಮೊದಲು ಸಿಗುವುದು ನಾಮದ ಚಿಲುಮೆ. ರಾಮ ಹಣೆಗೆ ನಾಮ ಇಟ್ಟುಕೊಳ್ಳಲು ನೀರು ಬೇಕಾಗಿ ಬಾಣ ಬಿಟ್ಟನೆಂಬ ಕಥೆ ಮಕ್ಕಳಿಗೆ ಮೊದಲೇ ಗೊತ್ತಿತ್ತು. ಕಥೆ ಕೇಳಿದ ಮೇಲೆ, ಮಳೆ ನಿಂತ ಮೇಲೂ ನೀರು ಎಲ್ಲಿಂದ ಬರುತ್ತದೆ ಎಂದು ಕೇಳಿದೆ. ಮಳೆನೀರು ಬೆಟ್ಟದ ಮಣ್ಣು ಮತ್ತು ಬಂಡೆಯ ಬಿರುಕುಗಳಲ್ಲಿ ಇಳಿದು, ನಿಧಾನವಾಗಿ ಸಾಗಿ, ಬಿರುಕು ನೆಲದ ಮೇಲ್ಮೈಗೆ ತೆರೆದುಕೊಳ್ಳುವ ಕಡೆ ಹೊರಬರುತ್ತದೆ. ಅಂತರ್ಜಲದ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಕಲಿಕೋಪಕರಣ ನನಗೆ ಸಿಕ್ಕಿಲ್ಲ.

ಕೆಳಗಿನ ಭೋಗ ನರಸಿಂಹಸ್ವಾಮಿ ದೇವಸ್ಥಾನದಿಂದ ಮೇಲಿನ ಯೋಗ ನರಸಿಂಹಸ್ವಾಮಿ ದೇವಸ್ಥಾನದ ಕಡೆಗೆ ನಡೆದೆವು. (ತಿಂಡಿಯ ಚೀಲವನ್ನು ಕೈಯಲ್ಲಿ ಹಿಡಿಯಬೇಡಿ, ಕೋತಿಗಳು ಕಾಯುತ್ತಿರುತ್ತವೆ.) ಇದು ಎಲೆ ಉದುರಿಸುವ ಒಣ ಕಾಡು. ಪಠ್ಯಪುಸ್ತಕದ ಚಿತ್ರದಲ್ಲಿ ನೋಡಿದ ದಟ್ಟ ಕಾಡನ್ನೇ ಮನಸ್ಸಿನಲ್ಲಿಟ್ಟುಕೊಂಡು ಬಂದಿದ್ದ ಒಬ್ಬ ಹುಡುಗ, ‘ಇದು ಕಾಡೇ ಅಲ್ಲ ಮಿಸ್’ ಎಂದ. ಬೇಸಿಗೆಗೆ ಮುಂಚೆ ಎಲೆ ಉದುರಿಸುವುದು ನೀರು ಉಳಿಸಿಕೊಳ್ಳುವ ಉಪಾಯ ಎಂದು ಹೇಳಿ, ಮರ ಎಲ್ಲಿದೆ, ಎಲ್ಲಿ ಇಲ್ಲ ನೋಡಿ ಎಂದೆ. ಬೋಳು ಬಂಡೆಯ ಮೇಲೆ ಏನೂ ಇರಲಿಲ್ಲ, ತೆಳುವಾದ ಮಣ್ಣಿನಲ್ಲಿ ಹುಲ್ಲು, ಬಂಡೆಗಳ ಸಂದಿಯಲ್ಲಿ ಮಣ್ಣು ತುಂಬಿದ ಕಡೆ ಮರ. ಇದನ್ನು ಕಂಡುಹಿಡಿದವರು ಮಕ್ಕಳೇ.

ತುದಿಯಲ್ಲಿ ಜಲವಿಭಾಜಕದ ಪಾಠ. ಶಿಂಷಾ ಮತ್ತು ಜಯಮಂಗಲಿ ಎರಡೂ ಹುಟ್ಟುವುದು ಈ ಬೆಟ್ಟಗಳಲ್ಲೇ. ಶಿಂಷಾ ದಕ್ಷಿಣಕ್ಕೆ ಹರಿದು ಕಾವೇರಿಯನ್ನು ಸೇರಿದರೆ, ಜಯಮಂಗಲಿ ಕೊರಟಗೆರೆ, ಮಧುಗಿರಿ ಕಡೆಗೆ ಸಾಗಿ ಉತ್ತರ ಪಿನಾಕಿನಿಯನ್ನು ಸೇರುತ್ತದೆ. ಬಂಡೆಯ ಏಣಿನ ಮೇಲೆ ಬಾಟಲಿ ನೀರು ಸುರಿಯಲು ಹೇಳಿದೆ. ನೀರು ಎರಡೂ ಕಡೆ ಇಳಿಯಿತು. ‘ಹಂಗಾದ್ರೆ ನನ್ ಬಾಟ್ಲಿ ನೀರು ತಮಿಳುನಾಡಿಗೂ ಹೋಯ್ತು, ಆಂಧ್ರಕ್ಕೂ ಹೋಯ್ತು’ ಎಂದ ಒಬ್ಬ. ‘ಎಲ್ಲಿಗೂ ಹೋಗಲ್ಲ ಕಣೋ, ಬಿಸಿಲಿಗೆ ಇಲ್ಲೇ ಆರೋಗುತ್ತೆ’ ಎಂದು ಪಕ್ಕದವನು ತಿದ್ದಿದ. ಜಲಚಕ್ರವನ್ನು ನಾನು ಬೇರೆಯಾಗಿ ಹೇಳಬೇಕಾಗಲಿಲ್ಲ.

ಎಡವಿದ್ದು ಉಷ್ಣತೆಯಲ್ಲಿ. ‘ಎತ್ತರಕ್ಕೆ ಹೋದಂತೆ ಉಷ್ಣತೆ ಕಡಿಮೆಯಾಗುತ್ತದೆ’ ಎಂಬುದು ಪಾಠಯೋಜನೆಯಲ್ಲಿದ್ದ ಕಲಿಕಾಂಶ. ಬೆಳಿಗ್ಗೆ 8 ಗಂಟೆಗೆ ಶಾಲೆಯ ಅಂಗಳದಲ್ಲಿ ಅಳೆದಾಗ 20.5 ಡಿಗ್ರಿ ಸೆಲ್ಸಿಯಸ್ ಇತ್ತು. 11 ಗಂಟೆಗೆ ಬೆಟ್ಟದ ಮೇಲೆ, ನೆರಳಿನಲ್ಲಿ, 23 ಡಿಗ್ರಿ. ‘ಮೇಲೆ ತಂಪು ಅಂತ ನೀವೇ ಹೇಳಿದ್ರಲ್ಲ ಮಿಸ್?’ ಎಂದು ಮಕ್ಕಳು ಕೇಳಿದರು. ಹಿಂದೆ ಮೇಲ್ವಿಚಾರಕರು ಅಂಕಪಟ್ಟಿ ಹಿಡಿದು ನಿಂತಿದ್ದರು. ನಾನು ಗಾಬರಿಯಾಗಿ, ‘ಥರ್ಮಾಮೀಟರ್ ಸರಿಯಿಲ್ಲ ಅನ್ಸುತ್ತೆ, ಬಿಡಿ’ ಎಂದುಬಿಟ್ಟೆ.

ಸೋಮವಾರ ವೀಕ್ಷಣಾ ಪುಸ್ತಕಗಳನ್ನು ನೋಡಿದರೆ, ಆರು ಮಕ್ಕಳು ಬೆಟ್ಟದ ಉಷ್ಣತೆ 18 ಡಿಗ್ರಿ ಎಂದು ಬರೆದಿದ್ದರು. ತರಗತಿಯಲ್ಲೇ ಅತ್ಯಂತ ಅಚ್ಚುಕಟ್ಟಾಗಿ ಅಳತೆ ಬರೆಯುವ ಹುಡುಗಿಯ ಪುಸ್ತಕದಲ್ಲಿ, ರಬ್ಬರಿನಿಂದ ಉಜ್ಜಿದ 23 ಇನ್ನೂ ಮಸುಕಾಗಿ ಕಾಣುತ್ತಿತ್ತು. ಅವಳು ಕಣ್ಣಾರೆ ಕಂಡದ್ದನ್ನು ನನಗಾಗಿ ಅಳಿಸಿದ್ದಳು. ಅಂದು ನನಗೆ ಒಳ್ಳೆಯ ಅಂಕ ಬಂದಿತ್ತು ಎಂಬುದನ್ನೂ ಹೇಳಿಬಿಡುತ್ತೇನೆ.

ಥರ್ಮಾಮೀಟರ್ ಸರಿಯಾಗಿಯೇ ಇತ್ತು. ನಾನು ಸ್ಥಳದ ಜೊತೆಗೆ ಸಮಯವನ್ನೂ ಬದಲಿಸಿದ್ದೆ. ನಾವು ಹತ್ತುವಷ್ಟರಲ್ಲಿ ಸೂರ್ಯನೂ ಮೇಲೇರಿದ್ದ. ಒಂದು ಪ್ರಯೋಗದಲ್ಲಿ ಒಂದೇ ಚರಾಂಶ ಬದಲಾಗಬೇಕೆಂದು ಬಿಎಸ್ಸಿಯಲ್ಲಿ ಮೂರು ವರ್ಷ ಬರೆದವಳು ನಾನು.

ಮಾರ್ಗದರ್ಶಕ ಶಿಕ್ಷಕರಿಗೆ ವಿಷಯ ಹೇಳಿದೆ. ‘ನೋಡಮ್ಮ, ಮಕ್ಕಳ ಮುಂದೆಯೇ ಒಪ್ಪಿಕೋ. ಆಮೇಲೆ ಮತ್ತೆ ಅಳತೆ ಮಾಡಿಸು’ ಎಂದರು. ತರಗತಿಯಲ್ಲಿ ತಪ್ಪು ನನ್ನದು ಎಂದು ಹೇಳಿ, ಎಲ್ಲಿ ತಪ್ಪಾಯಿತೆಂದು ಅವರನ್ನೇ ಕೇಳಿದೆ. ಎರಡು ಥರ್ಮಾಮೀಟರ್ ಬೇಕು ಎಂಬ ಉತ್ತರ ಬರಲು ಐದು ನಿಮಿಷವೂ ಬೇಕಾಗಲಿಲ್ಲ.

ಮುಂದಿನ ಶನಿವಾರ, ಪೋಷಕರ ಒಪ್ಪಿಗೆ ಪಡೆದು, ಎಂಟು ಮಕ್ಕಳೊಂದಿಗೆ ನಾನು ಮತ್ತೆ ಬೆಟ್ಟ ಹತ್ತಿದೆ. ಉಳಿದವರು ಮಾರ್ಗದರ್ಶಕ ಶಿಕ್ಷಕರ ಜೊತೆ ಶಾಲೆಯಲ್ಲಿದ್ದರು. ಎರಡು ಥರ್ಮಾಮೀಟರ್‌ಗಳನ್ನೂ ಮೊದಲು ಒಂದೇ ಬಕೆಟ್ ನೀರಿನಲ್ಲಿಟ್ಟು ಒಂದೇ ಅಳತೆ ತೋರಿಸುತ್ತವೆಯೇ ಎಂದು ನೋಡಿಕೊಂಡೆವು. 11 ಗಂಟೆಗೆ ಸರಿಯಾಗಿ, ಎರಡೂ ಕಡೆ ನೆರಳಿನಲ್ಲಿ ಅಳೆದು, ಫೋನಿನಲ್ಲಿ ಹೇಳಿಕೊಂಡೆವು. ಕೆಳಗೆ 25.5, ಮೇಲೆ 23. ತುಮಕೂರು ಸಮುದ್ರಮಟ್ಟದಿಂದ ಸುಮಾರು 820 ಮೀಟರ್, ಬೆಟ್ಟ ಸುಮಾರು 1,200 ಮೀಟರ್. 1,000 ಮೀಟರಿಗೆ ಸರಾಸರಿ 6.5 ಡಿಗ್ರಿ ಇಳಿಯುತ್ತದೆಂಬ ಲೆಕ್ಕದಲ್ಲಿ 380 ಮೀಟರಿಗೆ ಎರಡೂವರೆ ಡಿಗ್ರಿ ಬರಬೇಕು. ಪ್ರತಿ ಸಲವೂ ಇಷ್ಟು ಚೆನ್ನಾಗಿ ಹೊಂದುವುದಿಲ್ಲ, ಗಾಳಿ, ಮೋಡ, ತೇವಾಂಶ ಎಲ್ಲವೂ ಅಂತರವನ್ನು ಹೆಚ್ಚುಕಡಿಮೆ ಮಾಡುತ್ತವೆ ಎಂದೂ ಮಕ್ಕಳಿಗೆ ಹೇಳಿದೆ.

ಆ ಹುಡುಗಿ ಎಂಟು ಜನರಲ್ಲಿ ಒಬ್ಬಳು. ಬಸ್ಸಿನಲ್ಲಿ ಕುಳಿತು ಹಳೆಯ ಪುಟ ತೆಗೆದು, 18ಕ್ಕೆ ಅಡ್ಡಗೆರೆ ಎಳೆದು, ಪಕ್ಕದಲ್ಲಿ 23 ಎಂದು ಪೆನ್ನಿನಲ್ಲಿ ಬರೆದಳು.