ಮೀಟರಿನ ಕೆಂಪು ದೀಪ ಎಣಿಸಿ ನೋಡಿ

ಕರೆಂಟ್ ಬಿಲ್ ಜಾಸ್ತಿ ಬಂತೆಂದರೆ ಮನೆಯಲ್ಲಿ ಮೊದಲ ಬೈಗುಳ ಲೈಟಿಗೆ. "ಯಾರೂ ಇಲ್ಲದ ರೂಮಲ್ಲಿ ಲೈಟ್ ಯಾಕೆ ಉರೀತಿದೆ, ಆರಿಸ್ರೋ" ಎಂದು ಮಕ್ಕಳನ್ನು ಗದರದ ಮನೆಯಿಲ್ಲ. 60 ವ್ಯಾಟಿನ ಬುರುಡೆ ಬಲ್ಬು ಇದ್ದ ಕಾಲಕ್ಕೆ ಆ ಮಾತು ಸರಿ. ಈಗ ಮನೆಮನೆಯಲ್ಲೂ ಇರುವುದು 9 ವ್ಯಾಟಿನ ಎಲ್‌ಇಡಿ. ಅದು ನೂರಾ ಹತ್ತು ಗಂಟೆ ಉರಿದರೆ ಒಂದು ಯೂನಿಟ್. ಬಚ್ಚಲುಮನೆಯ 2000 ವ್ಯಾಟ್ ಗೀಸರ್ ಅದೇ ಒಂದು ಯೂನಿಟ್ಟನ್ನು ಅರ್ಧ ಗಂಟೆಯಲ್ಲಿ ಮುಗಿಸುತ್ತದೆ. ಲೈಟ್ ಆರಿಸುವುದು ಒಳ್ಳೆಯ ಅಭ್ಯಾಸವೇ. ಆದರೆ ಬಿಲ್ ಇಳಿಯಬೇಕಾದರೆ ನೋಡಬೇಕಾದ ಜಾಗ ಬೇರೆ.

ಒಂದು ಯೂನಿಟ್ ಎಂದರೆ ಸಾವಿರ ವ್ಯಾಟಿನ ಯಂತ್ರ ಒಂದು ಗಂಟೆ ಓಡಿದಾಗ ಖರ್ಚಾಗುವ ವಿದ್ಯುತ್. ಎರಡೇ ಸಂಗತಿ ಮುಖ್ಯ: ಎಷ್ಟು ವ್ಯಾಟ್, ಎಷ್ಟು ಹೊತ್ತು. ಮಿಕ್ಸಿ 750 ವ್ಯಾಟ್ ಎಂದು ಹೆದರಬೇಕಿಲ್ಲ, ಚಟ್ನಿ ರುಬ್ಬಲು ಐದು ನಿಮಿಷ ಸಾಕು. ಸೆಟ್‌ಟಾಪ್ ಬಾಕ್ಸ್ ಬರೀ 10 ವ್ಯಾಟ್ ಎಂದು ಬಿಡುವಂತೆಯೂ ಇಲ್ಲ. ರಿಮೋಟಿನಿಂದ ಟಿವಿ ಆರಿಸಿ ಮಲಗಿದರೂ ಅದು ಇಪ್ಪತ್ನಾಲ್ಕು ಗಂಟೆ ಎಳೆಯುತ್ತಲೇ ಇರುತ್ತದೆ. ತಿಂಗಳಿಗೆ 7 ಯೂನಿಟ್. ಗೋಡೆಯ ಸ್ವಿಚ್ ಆರಿಸಿದರೆ ಆ ಏಳೂ ಉಳಿದವು.

ಯಾವುದು ಎಷ್ಟು ತಿನ್ನುತ್ತದೆ ಎಂದು ತಿಳಿಯಲು ಬೇರೆ ಉಪಕರಣ ಕೊಳ್ಳಬೇಕಾಗಿಲ್ಲ. ಮನೆಯ ಮೀಟರಿನಲ್ಲೇ ಮಿನುಗುವ ಸಣ್ಣ ಕೆಂಪು ದೀಪವಿದೆ. ಪಕ್ಕದಲ್ಲಿ 3200 ಅಥವಾ 1600 ಎಂಬಂಥ ಒಂದು ಸಂಖ್ಯೆ ಅಚ್ಚಾಗಿರುತ್ತದೆ. ಆ ದೀಪ ಅಷ್ಟು ಸಲ ಮಿನುಗಿದರೆ ಒಂದು ಯೂನಿಟ್ ಮುಗಿಯಿತೆಂದು ಅರ್ಥ. 3200ರ ಮೀಟರಾದರೆ, ನಿಮಿಷಕ್ಕೆ ಒಂದು ಮಿನುಗು ಸುಮಾರು 19 ವ್ಯಾಟಿಗೆ ಸಮ. ಮನೆಯ ಎಲ್ಲ ಸ್ವಿಚ್ ಆರಿಸಿ, ಹಳೆಯ ಫ್ಯಾನ್ ಒಂದನ್ನೇ ಹಾಕಿ ಮೀಟರಿನ ಮುಂದೆ ನಿಂತು ಎಣಿಸಿ. ನಿಮಿಷಕ್ಕೆ ನಾಲ್ಕು ಸಲ ಮಿನುಗುತ್ತದೆ: 75 ವ್ಯಾಟ್. ಗೀಸರ್ ಹಾಕಿ ನೋಡಿ, ಎಣಿಸುವುದೇ ಕಷ್ಟ. ನಿಮಿಷಕ್ಕೆ ನೂರು ದಾಟುತ್ತದೆ. ಮಕ್ಕಳ ಕೈಲಿ ಗಡಿಯಾರ ಕೊಟ್ಟು ಈ ಎಣಿಕೆ ಮಾಡಿಸಿ. ಒಮ್ಮೆ ಕಣ್ಣಾರೆ ಕಂಡ ಮಕ್ಕಳಿಗೆ ಆಮೇಲೆ ಗದರಿ ಹೇಳಬೇಕಾಗುವುದಿಲ್ಲ.

ಎಲ್ಲವನ್ನೂ ಆರಿಸಿದ ಮೇಲೂ ದೀಪ ಮಿನುಗುತ್ತಿದ್ದರೆ ಮೊದಲು ಯುಪಿಎಸ್, ವೈಫೈ, ಸೆಟ್‌ಟಾಪ್ ಬಾಕ್ಸ್ ನೋಡಿ. ಮೇನ್ ಸ್ವಿಚ್ಚನ್ನೇ ಇಳಿಸಿದರೂ ಮಿನುಗುತ್ತಿದ್ದರೆ ಮೀಟರಿಗೂ ಮೇನ್ ಸ್ವಿಚ್ಚಿಗೂ ನಡುವಿನ ವೈರಿಂಗಿನಲ್ಲಿ ಸೋರಿಕೆ ಇರಬಹುದು, ಇಲ್ಲವೇ ಬೇರೆ ಯಾವುದೋ ಲೈನು ನಿಮ್ಮ ಮೀಟರಿಗೆ ಸೇರಿರಬಹುದು. ಆಗ ಕೈ ಹಾಕಬೇಡಿ, 1912ಕ್ಕೆ ಫೋನ್ ಮಾಡಿ.

ಈಗ ನೀರು ಕಾಯಿಸುವ ವಿಚಾರ. ನಗರದ ಬಹಳಷ್ಟು ಮನೆಗಳ ಬಿಲ್ಲಿನಲ್ಲಿ ದೊಡ್ಡ ಪಾಲು ಇದರದೇ. 20 ಲೀಟರಿನ ಒಂದು ಬಕೆಟ್ ನೀರನ್ನು 25 ಡಿಗ್ರಿಯಿಂದ ಸ್ನಾನಕ್ಕೆ ಹದವಾದ 42 ಡಿಗ್ರಿಗೆ ತರಲು ಸುಮಾರು 0.4 ಯೂನಿಟ್ ಬೇಕು. ನಾಲ್ಕು ಜನ, ದಿನಕ್ಕೊಂದೊಂದು ಬಕೆಟ್ ಎಂದರೆ ತಿಂಗಳಿಗೆ 48 ಯೂನಿಟ್. ಗೀಸರಾಗಲಿ, ಬಕೆಟಿಗೆ ಇಳಿಬಿಡುವ ಹೀಟರ್ ರಾಡ್ ಆಗಲಿ, ಅಷ್ಟೇ ನೀರನ್ನು ಅಷ್ಟೇ ಬಿಸಿ ಮಾಡಲು ಹೆಚ್ಚುಕಡಿಮೆ ಅಷ್ಟೇ ಕರೆಂಟ್. ರಾಡಿನಲ್ಲಿ ಉಳಿತಾಯವಿದೆ ಎಂಬುದು ತಪ್ಪು ನಂಬಿಕೆ. ಶಾಕಿನ ಅಪಾಯವಂತೂ ಇದ್ದೇ ಇದೆ. ಉಳಿತಾಯ ಇರುವುದು ಹಾಕುವ ಹೊತ್ತಿನಲ್ಲಿ. 15 ಲೀಟರ್ ಗೀಸರು 25ರಿಂದ 60 ಡಿಗ್ರಿಗೆ ಏರಲು ಹದಿನೆಂಟು ಇಪ್ಪತ್ತು ನಿಮಿಷ ಸಾಕು. ದಿನವಿಡೀ ಹಾಕಿಟ್ಟರೆ ಒಳಗಿನ ನೀರು ತಣ್ಣಗಾದಾಗಲೆಲ್ಲ ತಾನೇ ಮತ್ತೆ ಕಾಯಿಸುತ್ತದೆ, ಯಾರೂ ಸ್ನಾನ ಮಾಡದೆಯೇ ಯೂನಿಟ್ ಓಡುತ್ತದೆ. ಒಬ್ಬರ ಹಿಂದೊಬ್ಬರು ಸ್ನಾನ ಮುಗಿಸಿ ಆರಿಸುವ ಮನೆಯಲ್ಲಿ ಈ ನಷ್ಟವಿಲ್ಲ. ಮಲೆನಾಡಿನಲ್ಲಿ, ಕರಾವಳಿಯಲ್ಲಿ ಇನ್ನೂ ಹಂಡೆ ಒಲೆ ಉಳಿಸಿಕೊಂಡವರು ಅಡಿಕೆ ಸಿಪ್ಪೆ, ತೆಂಗಿನ ಸಿಪ್ಪೆಯಲ್ಲೇ ಈ ಖರ್ಚನ್ನು ಪೂರ್ತಿ ತಪ್ಪಿಸಿಕೊಂಡಿದ್ದಾರೆ. ಗೀಸರ್ ಬಂತೆಂದು ಅವರು ಆ ಒಲೆ ಕೆಡವದಿರಲಿ.

ಫ್ಯಾನಿನದು ಇನ್ನೊಂದು ಬಗೆ. ಒಂದೊಂದೂ ಸಣ್ಣದು, ಓಡುವ ಹೊತ್ತು ಉದ್ದ. ಕಲಬುರಗಿ, ರಾಯಚೂರಿನ ಬೇಸಿಗೆಯಲ್ಲಿ ಮೂರು ಫ್ಯಾನು ದಿನಕ್ಕೆ ಹನ್ನೆರಡು ಗಂಟೆ ತಿರುಗಿದರೆ ತಿಂಗಳಿಗೆ 81 ಯೂನಿಟ್. ಅದೇ ಗಾಳಿಯನ್ನು ಬಿಎಲ್‌ಡಿಸಿ (ಬ್ರಷ್ ಇಲ್ಲದ ಡಿಸಿ ಮೋಟರಿನ) ಫ್ಯಾನು 30 ವ್ಯಾಟಿನ ಆಸುಪಾಸಿನಲ್ಲಿ ಕೊಡುತ್ತದೆ. ಮೂರನ್ನೂ ಬದಲಿಸಿದರೆ 81 ಇದ್ದದ್ದು 32ಕ್ಕೆ ಇಳಿಯುತ್ತದೆ.

ಹಾಗೆಂದು ಮನೆಯ ಎಲ್ಲ ಫ್ಯಾನನ್ನೂ ಬಿಚ್ಚಿಸಬೇಡಿ. ಯೂನಿಟ್‌ಗೆ 6 ರೂಪಾಯಿ ಎಂದಿಟ್ಟುಕೊಂಡು ಲೆಕ್ಕ ಹಾಕಿ. ದಿನಕ್ಕೆ ಹನ್ನೆರಡು ಗಂಟೆ ಓಡುವ ಫ್ಯಾನಾದರೆ ತಿಂಗಳಿಗೆ 16 ಯೂನಿಟ್, ಅಂದರೆ ನೂರು ರೂಪಾಯಿಯಷ್ಟು ಉಳಿಯುತ್ತದೆ; ಸಾಮಾನ್ಯ ಫ್ಯಾನಿಗಿಂತ ಸಾವಿರದ ಇನ್ನೂರು ಹೆಚ್ಚು ಕೊಟ್ಟಿದ್ದರೂ ಒಂದು ವರ್ಷದಲ್ಲಿ ಗಿಟ್ಟುತ್ತದೆ. ನೆಂಟರು ಬಂದಾಗ ಮಾತ್ರ ತಿರುಗುವ ರೂಮಿನ ಫ್ಯಾನಿಗೆ ಆ ಹಣ ಯಾವ ಕಾಲಕ್ಕೂ ಹುಟ್ಟುವುದಿಲ್ಲ. ಇನ್ನೊಂದು ಮಾತು: ರಿಮೋಟಿನ ಬಿಎಲ್‌ಡಿಸಿ ಫ್ಯಾನು ಹಾಕಿಸುವಾಗ ಗೋಡೆಯ ಹಳೆಯ ರೆಗ್ಯುಲೇಟರ್ ತೆಗೆಸಿಬಿಡಿ. ಅದರ ಮೂಲಕ ಕರೆಂಟ್ ಕೊಟ್ಟರೆ ಫ್ಯಾನಿನೊಳಗಿನ ಸರ್ಕ್ಯೂಟು ಕೆಡಬಹುದು. ಒಳಗಿರುವುದು ಎಲೆಕ್ಟ್ರಾನಿಕ್ ಸರ್ಕ್ಯೂಟ್ ಆದ್ದರಿಂದ ಹತ್ತಿರದ ವೈಂಡಿಂಗ್ ಅಂಗಡಿಯಲ್ಲಿ ರಿಪೇರಿ ಆಗುವುದು ಅನುಮಾನ. ವಾರಂಟಿ ಎಷ್ಟು ವರ್ಷ, ಊರಲ್ಲಿ ಸರ್ವೀಸ್ ಇದೆಯೇ ಎಂದು ಕೇಳಿಯೇ ದುಡ್ಡು ಕೊಡಿ.

ಫ್ರಿಜ್ ಕೊಳ್ಳುವಾಗ ಅಂಗಡಿಯವರು ನಕ್ಷತ್ರ ತೋರಿಸುತ್ತಾರೆ. ನೀವು ಅದರ ಕೆಳಗಿನ ಸಂಖ್ಯೆ ನೋಡಿ. ಇಂಧನ ದಕ್ಷತೆ ಬ್ಯೂರೋದ (ಬಿಇಇ) ಲೇಬಲ್ಲಿನ ಮೇಲೆ ವರ್ಷಕ್ಕೆ ಎಷ್ಟು ಯೂನಿಟ್ ಎಂದು ಸ್ಪಷ್ಟವಾಗಿ ಬರೆದಿರುತ್ತದೆ. ನಕ್ಷತ್ರದ ಅಳತೆಗೋಲನ್ನು ಕಾಲಕಾಲಕ್ಕೆ ಬಿಗಿ ಮಾಡುತ್ತಾರೆ. ಫ್ರಿಜ್ಜಿನದನ್ನು 2023ರ ಜನವರಿಯಲ್ಲಿ ಹೀಗೆ ಬದಲಿಸಿದ್ದರು. ಹಾಗಾಗಿ ಹಳೆಯ ಸ್ಟಾಕಿನ 4 ಸ್ಟಾರೂ ಹೊಸದರ 4 ಸ್ಟಾರೂ ಸರಿಸಮವಲ್ಲ. ಲೇಬಲ್ಲಿನಲ್ಲಿ ಅದರ ಅವಧಿಯೂ ಇರುತ್ತದೆ, ಓದಿ. ದೊಡ್ಡ ಫ್ರಿಜ್ಜಿನ 5 ಸ್ಟಾರ್, ಚಿಕ್ಕದರ 3 ಸ್ಟಾರಿಗಿಂತ ಹೆಚ್ಚು ಯೂನಿಟ್ ತಿನ್ನುವುದೂ ಉಂಟು. ಒಂದೇ ಅಳತೆಯ ಎರಡರ ನಡುವೆ ವರ್ಷಕ್ಕೆ 60 ಯೂನಿಟ್ ಅಂತರವಿದ್ದರೆ ಉಳಿಯುವುದು 360 ರೂಪಾಯಿ. ಅದಕ್ಕೆಂದು ಐದು ಸಾವಿರ ಹೆಚ್ಚು ಕೇಳಿದರೆ, ಹದಿನಾಲ್ಕು ವರ್ಷ ಬೇಕು. ಫ್ರಿಜ್ ವಿಷಯದಲ್ಲಿ ನನ್ನ ಸಲಹೆ ಇಷ್ಟೆ: ಮನೆಗೆ ಬೇಕಾದಷ್ಟೇ ಅಳತೆಯದು ತನ್ನಿ. ತಂದಮೇಲೆ ಹಿಂದೆ ಗಾಳಿ ಆಡುವಂತೆ ಗೋಡೆಯಿಂದ ದೂರ ಇಡಿ. ಬಾಗಿಲಿಗೆ ಒಂದು ಕಾಗದ ಸಿಕ್ಕಿಸಿ ಎಳೆಯಿರಿ, ಸಲೀಸಾಗಿ ಬಂದರೆ ರಬ್ಬರ್ ಸಡಿಲವಾಗಿದೆ, ಅದನ್ನಷ್ಟೇ ಬದಲಿಸಿದರೆ ಸಾಕು.

ಕರ್ನಾಟಕದ ಮನೆಗಳಿಗೆ ಈ ಲೆಕ್ಕದಲ್ಲಿ ಒಂದು ವಿಶೇಷವಿದೆ. 2023ರ ಜುಲೈನಿಂದ ಜಾರಿಯಾದ ರಾಜ್ಯ ಸರ್ಕಾರದ ಗೃಹಜ್ಯೋತಿ ಯೋಜನೆಯಲ್ಲಿ 200 ಯೂನಿಟ್‌ವರೆಗೆ ಉಚಿತ ಎಂದಷ್ಟೇ ಅನೇಕರಿಗೆ ಗೊತ್ತು. ನಿಮಗೆ ಉಚಿತವಾಗಿ ಸಿಗುವುದು 2022-23ರಲ್ಲಿ ನಿಮ್ಮ ಮನೆಯ ತಿಂಗಳ ಸರಾಸರಿ ಎಷ್ಟಿತ್ತೋ ಅಷ್ಟು, ಅದರ ಮೇಲೆ ಸಾಮಾನ್ಯವಾಗಿ ಶೇ 10. ಸರಾಸರಿ 120 ಇದ್ದ ಮನೆಗೆ 132 ಯೂನಿಟ್ ಎನ್ನೋಣ. ಈ ತಿಂಗಳು 150 ಉರಿಸಿದರೆ ಹೆಚ್ಚುವರಿ 18ಕ್ಕೆ ದುಡ್ಡು. 199 ಆದರೆ 67ಕ್ಕೆ, ಯೂನಿಟ್ ಬೆಲೆಯನ್ನಷ್ಟೇ ಹಿಡಿದರೆ 402 ರೂಪಾಯಿ. 200 ದಾಟಿ 205 ಆಯಿತೋ, ಉಚಿತವೇ ಇಲ್ಲ, ಇನ್ನೂರೈದಕ್ಕೂ ಕಟ್ಟಬೇಕು: 1230 ರೂಪಾಯಿ. ಆರೇ ಆರು ಯೂನಿಟ್ಟಿಗೆ ಎಂಟುನೂರಕ್ಕೂ ಹೆಚ್ಚು. 190, 200ರ ಅಂಚಿನಲ್ಲಿ ಓಡುವ ಸಂಸಾರಕ್ಕೆ ಸೆಟ್‌ಟಾಪ್ ಬಾಕ್ಸಿನ ಏಳು ಯೂನಿಟ್ ಕೂಡ ದೊಡ್ಡ ಮೊತ್ತವೇ. ತಿಂಗಳು ತಿಂಗಳೂ ಸೊನ್ನೆ ಬಿಲ್ ಬರುವ ಮನೆಯವರು ಮಾತ್ರ ಕರೆಂಟ್ ದುಡ್ಡು ಉಳಿಸಲೆಂದು ದುಬಾರಿ ಫ್ಯಾನು, ಫ್ರಿಜ್ ತರುವ ಅಗತ್ಯವಿಲ್ಲ. ಇರುವುದು ಕೆಟ್ಟಾಗ ನೋಡಿಕೊಂಡರಾಯಿತು.

ಬಿಲ್ ಕೈಗೆ ಬಂದ ಮೇಲೆ ಯೂನಿಟ್ ಇಳಿಸಲಾಗದು. ಮೀಟರ್ ರೀಡರ್ ಬಂದುಹೋದ ದಿನದ ರೀಡಿಂಗನ್ನು ಕ್ಯಾಲೆಂಡರಿನಲ್ಲಿ ಬರೆದಿಡಿ. ಹದಿನೈದನೆಯ ದಿನ ಮತ್ತೊಮ್ಮೆ ಮೀಟರ್ ನೋಡಿ ಕಳೆಯಿರಿ. ನೂರು ದಾಟಿದ್ದರೆ ಉಳಿದ ಹದಿನೈದು ದಿನ ಗೀಸರಿನ ಸ್ವಿಚ್ ಮನೆಯ ಒಬ್ಬರ ಜವಾಬ್ದಾರಿಗೆ ಬಿಡಿ.