ವಯಸ್ಸು ಒಂದೇ, ಬೆಳವಣಿಗೆ ಬೇರೆ

ಸಾಲಹಳ್ಳಿಯಂತಹ ನಮ್ಮ ಊರುಗಳ ಮಕ್ಕಳಿಗೆ ವಾಲಿಬಾಲ್ ಆಡಲು ಒಂದು ಚೆಂಡು, ಒಂದು ಬಲೆ, ತುಸು ಬಯಲು ಇದ್ದರೆ ಸಾಕು. ಶಾಲಾ ಕ್ರೀಡಾಕೂಟಗಳಲ್ಲಿ 14 ಹಾಗೂ 17 ವರ್ಷದೊಳಗಿನವರ ವಿಭಾಗಗಳಿವೆ. ಆದರೆ ದೇಹವು ಜನ್ಮದಿನಾಂಕ ನೋಡಿ ಬೆಳೆಯುವುದಿಲ್ಲ. ಹೆಣ್ಣುಮಕ್ಕಳು ಸುಮಾರು 12ರಲ್ಲಿ, ಗಂಡುಮಕ್ಕಳು ಸುಮಾರು 14ರಲ್ಲಿ ಅತಿವೇಗವಾಗಿ ಎತ್ತರವಾಗುತ್ತಾರೆ. ಇದು ಒಂದೆರಡು ವರ್ಷ ಹಿಂದುಮುಂದಾಗುವುದು ಸಹಜ.

ಬೇಗ ಬೆಳೆದ ಬಾಲಕ ತಂಡಕ್ಕೆ ಆಯ್ಕೆಯಾಗುತ್ತಾನೆ. ತಡವಾಗಿ ಬೆಳೆಯುವವನು ಹೊರಗುಳಿದು, ಉತ್ಸಾಹ ಕುಂದಿ ಮೈದಾನವನ್ನೇ ತೊರೆಯುತ್ತಾನೆ. ಮುಂದೆ ಅವನೂ ಎತ್ತರವಾಗುತ್ತಾನೆ. ಅಷ್ಟರಲ್ಲಿ ಅಭ್ಯಾಸದ ಅಮೂಲ್ಯ ವರ್ಷಗಳು ಕಳೆದಿರುತ್ತವೆ. ಸರ್ವಿಸ್ ಮಾಡುವ, ಚೆಂಡನ್ನು ಎತ್ತಿಕೊಡುವ ಕೌಶಲಗಳನ್ನು ಗಿಡ್ಡ ಬಾಲಕನೂ ಕಲಿಯಬಲ್ಲನು. ಆದ್ದರಿಂದ ಅವನನ್ನು ಅಭ್ಯಾಸದಿಂದ ದೂರವಿಡಬಾರದು.

ಬೆಳೆಯುವ ಕಾಲದಲ್ಲಿ ಪದೇ ಪದೇ ಜಿಗಿಯುವುದರಿಂದ ಮೊಣಕಾಲ ಚಿಪ್ಪಿನ ಕೆಳಗೆ ನೋವು ಬರಬಹುದು. ಆಗ ಜಿಗಿತವನ್ನು ತಗ್ಗಿಸಿ ವಿಶ್ರಾಂತಿ ನೀಡಬೇಕು. ನೋವು ಉಳಿದರೆ, ಬಾವು ಬಂದರೆ ವೈದ್ಯರಿಗೆ ತೋರಿಸಬೇಕು. ಬಲವಂತರೂ ಅರ್ಧಶಕ್ತಿಯಷ್ಟೇ ವ್ಯಾಯಾಮ ಮಾಡಬೇಕೆಂದು ವಾಗ್ಭಟನ ಅಷ್ಟಾಂಗಹೃದಯ ವಿಧಿಸಿದೆ. ಬೆಳೆಯುವ ಮಕ್ಕಳ ವಿಷಯದಲ್ಲಿ ಇನ್ನೂ ಹೆಚ್ಚಿನ ಎಚ್ಚರ ಬೇಕು. ಜೋಳದ ರೊಟ್ಟಿ, ಕಾಳುಪಲ್ಯ, ಹಾಲು, ಸಾಕಷ್ಟು ನಿದ್ರೆ ಇವರಿಗೆ ಅವಶ್ಯ.

ಸದ್ಭಕ್ತರಲ್ಲಿ ನಮ್ಮ ವಿನಂತಿ ಇಷ್ಟೆ: ಮಗು ಮೈದಾನದಿಂದ ಮನೆಗೆ ಬಂದಾಗ ‘ಗೆದ್ದೆಯಾ?’ ಎನ್ನುವ ಮೊದಲು ‘ಇಂದು ಏನು ಕಲಿತೆ?’ ಎಂದು ಕೇಳಿರಿ.